ವಿಭೂತಿ ಇಲ್ಲದೆ ಬಾಗಿಲು ತೆರೆಯದ ಲ್ಯಾಪ್‌ಟಾಪು

ಕೆಟ್ಟ ವಸ್ತು ಕೊಂಡವನಿಗೆ ಊರೆಲ್ಲ ಸಮಾಧಾನ ಹೇಳುತ್ತದೆ. ಒಳ್ಳೆಯ ವಸ್ತು ಕೊಂಡು ಗೋಳಾಡುವವನನ್ನು ಮಾತ್ರ ಯಾರೂ ನಂಬುವುದಿಲ್ಲ. ಸೋರುವ ಬಕೆಟ್ಟು, ಹೊಗೆಯಾಡುವ ಮಿಕ್ಸಿ, ಮೊದಲ ಮಳೆಗೇ ಬಾಯಿ ಬಿಟ್ಟ ಚಪ್ಪಲಿ, ಇವುಗಳ ಬಗ್ಗೆ ನೀವು ಎಲ್ಲಿ ನಿಂತು ಬೈದರೂ ಎದುರಿಗಿದ್ದವರು ತಮ್ಮ ಮನೆಯದೂ ಒಂದು ಕಥೆ ಸೇರಿಸಿ ನಿಮ್ಮ ಜೊತೆ ದನಿಗೂಡಿಸುತ್ತಾರೆ. ಆದರೆ ‘ಪ್ರೀಮಿಯಂ’ ಎಂಬ ಬಿರುದು ಹೊತ್ತ ವಸ್ತುವೊಂದನ್ನು ಮನೆಗೆ ತಂದು, ‘ಸಾಕಾಗಿ ಹೋಯ್ತು ಸ್ವಾಮಿ ಇದರಿಂದ’ ಅಂದು ನೋಡಿ. ಕೇಳಿದವರು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು, ‘ಇವನಿಗೆ ಕೊಬ್ಬು’ ಎಂದುಕೊಂಡು ಮುಂದೆ ಹೋಗುತ್ತಾರೆ. ನನಗೆ ಆಗಿರುವುದು ಅದೇ. ಮಧುಗಿರಿಯಲ್ಲಿ ನನ್ನ ಮಾತು ಕೇಳುವವರು ಯಾರೂ ಉಳಿದಿಲ್ಲವಾದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಾನು ಕೊರಟಗೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ದಿನಾ ಮಧುಗಿರಿಯಿಂದ ಬಸ್ಸಿನಲ್ಲಿ ಹೋಗಿ ಬರುವವನು. ನನ್ನ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪು ಇತ್ತು. ಇಟ್ಟಿಗೆಯಷ್ಟು ದಪ್ಪ, ತೆರೆದರೆ ಕೀಲು ಕಿರ್ ಎನ್ನುತ್ತಿತ್ತು, ಮಗಳು ಮಜ್ಜಿಗೆ ಚೆಲ್ಲಿದ ದಿನದಿಂದ ಅದರ ಸ್ಪೀಕರಿನಲ್ಲಿ ಜೀರುಂಡೆಯ ಸದ್ದು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ಆದರೂ ಪಾಪ, ಹೇಳಿದ ಕೆಲಸ ಮಾಡಿಕೊಂಡು ಬಿದ್ದಿತ್ತು. ಅದರ ಮೇಲೆ ಕಣ್ಣು ಬಿದ್ದದ್ದು ನನ್ನ ಭಾವಮೈದ ನಾಗಭೂಷಣನದು. ಅವನಿಗೆ ಸಿರಾದಲ್ಲಿ ಮೊಬೈಲ್ ಅಂಗಡಿ. ಲೋಕದ ಯಾವ ಯಂತ್ರದ ಬಗ್ಗೆ ಕೇಳಿದರೂ ಅವನು ಅದರ ವಿಡಿಯೋ ನೋಡಿರುತ್ತಾನೆ. ‘ಭಾವ, ಮೇಷ್ಟ್ರಾಗಿ ಇಂಥದ್ದನ್ನ ಹಿಡ್ಕಂಡು ಓಡಾಡ್ತೀರಲ್ಲ, ನಮ್ಗೇ ನಾಚ್ಕೆ ಆಗ್ತದೆ. ಒಂದು ಐಟಂ ಬಂದೈತೆ ನೋಡಿ, ಏಕ್‌ದಮ್ ಜಬರ್ದಸ್ತ್! ಪ್ರೀಮಿಯಂ ಮಲ್ಟಿಮೀಡಿಯಾ. ಸಿನಿಮಾ ನೋಡಿದ್ರೆ ಟಾಕೀಸ್ನಾಗೆ ಕೂತಂಗಿರ್ತದೆ. ನಾಲ್ಕು ಸ್ಪೀಕರು!’ ಅಂದ. ಗಣಿತದ ಮೇಷ್ಟ್ರಿಗೆ ನಾಲ್ಕು ಸ್ಪೀಕರು ಯಾಕಪ್ಪ, ವರ್ಗಮೂಲ ಏನು ಹಾಡುತ್ತದೆಯೇ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ‘ನಾಚ್ಕೆ ಆಗ್ತದೆ’ ಎಂಬ ಮಾತನ್ನು ಹೆಂಡತಿಯ ತಮ್ಮನ ಬಾಯಲ್ಲಿ ಕೇಳಿದ ಮೇಲೆ ಯಾವ ಗಂಡಸಿಗೆ ಬುದ್ಧಿ ನೆಟ್ಟಗಿರುತ್ತದೆ? ಹಳೆಯದನ್ನು ಅವನು ಹೇಳಿದ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟೆ. ಅಂಗಡಿಯವನು ಅದನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿಕೊಂಡು ಒಳಗೆ ಹೋದ.

ಹೊಸದರ ಗುಣಗಳನ್ನು ಮೊದಲು ಹೇಳಿಬಿಡುತ್ತೇನೆ, ಪಕ್ಷಪಾತ ಮಾಡಿದೆ ಎನ್ನಬೇಡಿ. ತೆಳ್ಳಗಿದೆ. ಎಷ್ಟು ತೆಳ್ಳಗೆಂದರೆ ನನ್ನ ಹೆಂಡತಿ ಸುಮಾ ಒಂದು ದಿನ ಅದನ್ನು ಮಣೆ ಎಂದು ತಿಳಿದು ಮೇಲೆ ಹೋಳಿಗೆಯ ತಟ್ಟೆ ಇಟ್ಟಿದ್ದಳು. ಆದರೆ ಆ ತೆಳ್ಳಗಿನ ದೇಹದಿಂದ ತೆಗೆದ ಭಾರವನ್ನೆಲ್ಲ ಅದರ ಚಾರ್ಜರಿಗೆ ತುಂಬಿದ್ದಾರೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟರೆ ಲ್ಯಾಪ್‌ಟಾಪು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಚಾರ್ಜರು ಮಾತ್ರ ಮಂಡಿಯನ್ನು ಅರೆಯುತ್ತದೆ. ಅದನ್ನು ಮನೆಯಲ್ಲಿ ಬಿಟ್ಟು ಬರುವಂತೆಯೂ ಇಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಟರಿ ಕೈಯೆತ್ತುತ್ತದೆ. ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಓಬಳೇಶ್ ಪಾವಗಡದ ಸೋಲಾರ್ ಪಾರ್ಕಿನ ಕಡೆಯ ವಳ್ಳೂರಿನವರು. ಅವರು, ‘ನಮ್ಮೂರ್ನಾಗಿರೋ ಸೋಲಾರೆಲ್ಲ ಒಂದೇ ಸಲ ಕೊಟ್ರೂ ನಿಮ್ಮ ಮಿಷಿನ್ನಿಗೆ ಸಾಲದು ಬುಡಿ ಸಾರ್’ ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಂದೆ ನಗುತ್ತಾರೆ. ಇನ್ನು ಪರದೆ. ಹೊಳಪೆಂದರೆ ಹೊಳಪು! ನಮ್ಮ ಮನೆಯ ಜಗಲಿಯಲ್ಲಿ ಕೂತು ತೆರೆದರೆ ಮಧುಗಿರಿಯ ಬೆಟ್ಟ, ಅದರ ಮೇಲಿನ ಕೋಟೆ, ಹತ್ತುತ್ತಿರುವ ಜನ ಎಲ್ಲವೂ ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ನಾನು ಟೈಪ್ ಮಾಡಿದ ಪ್ರಶ್ನೆಪತ್ರಿಕೆಯೊಂದು ಕಾಣುವುದಿಲ್ಲ. ಸುಮಾ ಬೈತಲೆ ತೆಗೆದುಕೊಳ್ಳುವುದು ಈಗ ಅದರ ಎದುರಿಗೇ. ‘ಕನ್ನಡಿಗಿಂತ ಚೆನ್ನಾಗೈತೆ ಕಣ್ರೀ’ ಎಂದು ಅವಳ ಶಿಫಾರಸು ಬೇರೆ.

ಇವೆಲ್ಲ ಸಹಿಸಬಹುದಾದ ಸಂಕಟಗಳು. ಮರ್ಯಾದೆ ತೆಗೆದದ್ದು ಅದರ ಮುಖಪರಿಚಯ. ಅದಕ್ಕೆ ನಮ್ಮ ಮುಖ ತೋರಿಸಿದರೆ ಸಾಕು, ತಾನೇ ಬಾಗಿಲು ತೆರೆಯುತ್ತದಂತೆ. ಭಾವಮೈದ ಅದನ್ನು ಮನೆಗೆ ತಂದದ್ದು ಆಯುಧಪೂಜೆಯ ದಿನ. ನಮ್ಮದು ಶಿವಪೂಜೆಯ ಮನೆ. ನಮ್ಮವ್ವ ಮಷಿನ್ನಿಗೆ ಹೂವಿಟ್ಟು, ನನ್ನ ಹಣೆಗೆ ಈ ಕಿವಿಯಿಂದ ಆ ಕಿವಿಯವರೆಗೆ ಮೂರು ಪಟ್ಟೆ ವಿಭೂತಿ ಎಳೆದು, ‘ಈಗ ಕುಂತ್ಕೋ’ ಅಂದಳು. ಕೂತೆ. ಭಾವಮೈದ ಅದೇ ಘಳಿಗೆಯಲ್ಲಿ ನನ್ನ ಮುಖವನ್ನು ಅದಕ್ಕೆ ಪರಿಚಯಿಸಿದ. ಅಲ್ಲಿಂದಾಚೆಗೆ ಅದು ನನ್ನನ್ನು ಗುರುತಿಸುವುದು ವಿಭೂತಿಯ ಸಮೇತ ಮಾತ್ರ. ಬರಿ ಹಣೆಯಲ್ಲಿ ಕೂತರೆ, ಮನೆ ತಪ್ಪಿ ಬಂದ ನೆಂಟನನ್ನು ನೋಡುವ ಹಾಗೆ ನೋಡಿಕೊಂಡು ಸುಮ್ಮನಿರುತ್ತದೆ. ಗುಪ್ತಸಂಖ್ಯೆ ಎಂಬುದೂ ಒಂದು ಇದೆ. ಅದನ್ನು ಇಟ್ಟವನು ಭಾವಮೈದ, ಮರೆತವನೂ ಅವನೇ.

ಒಂದು ದಿನ ಇನ್ಸ್‌ಪೆಕ್ಷನ್ನಿಗೆ ಸಾಹೇಬರು ಬಂದಿದ್ದರು. ಒಂಬತ್ತನೇ ಕ್ಲಾಸು, ಬಿಸಿಲಿನ ಹೊತ್ತು, ಬೆವರಿಗೆ ವಿಭೂತಿ ಎಂದೋ ಅಳಿಸಿಹೋಗಿತ್ತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು, ‘ಹೂಂ, ತೋರಿಸಿ ನಿಮ್ಮ ಡಿಜಿಟಲ್ ಪಾಠ’ ಅಂದರು. ಮುಖ ತೋರಿಸಿದೆ, ತೆರೆಯಲಿಲ್ಲ. ಕನ್ನಡಕ ತೆಗೆದು ತೋರಿಸಿದೆ, ನಕ್ಕು ತೋರಿಸಿದೆ, ಊಹುಂ. ಕಡೆಗೆ ಏನೂ ತೋಚದೆ ಬೋರ್ಡಿನ ಕಡೆ ತಿರುಗಿ, ಮೂರು ಬೆರಳಿಗೆ ಸೀಮೆಸುಣ್ಣದ ಪುಡಿ ಒತ್ತಿಕೊಂಡು, ಹಣೆಗೆ ಎಳೆದುಕೊಂಡು ತಿರುಗಿದೆ. ತಟಕ್ಕನೆ ತೆರೆದುಕೊಂಡಿತು! ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರು ಹೋಗುವಾಗ ಹೆಡ್‌ಮಾಸ್ಟರ ಕಿವಿಯಲ್ಲಿ, ‘ಮೇಷ್ಟ್ರು ಮನೇಲಿ ಎಲ್ಲ ಸರಿಯಾಗಿದ್ದಾರಾ?’ ಎಂದು ಕೇಳಿದರಂತೆ. ಈ ಅವಮಾನವನ್ನು ಮನೆಗೆ ಬಂದು ಹೇಳಿಕೊಂಡರೆ ಅವ್ವನಿಗೆ ಸಂತೋಷವೋ ಸಂತೋಷ. ‘ನೋಡ್ಲಾ ಮಲ್ಲೇಶ, ಪೂಜೆ ಮಾಡ್ದೆ ಕುಂತ್ರೆ ಅದ್ಕೂ ಗೊತ್ತಾಗ್ತದೆ. ನಿನಗಿಂತ ಅದೇ ವಾಸಿ ಬುಡು’ ಅಂದಳು. ಹೀಗೆ ನಮ್ಮ ಮನೆಯಲ್ಲಿ ಅದರ ಪಕ್ಷ ದೊಡ್ಡದಾಗುತ್ತಾ, ನನ್ನ ಪಕ್ಷದಲ್ಲಿ ನಾನೊಬ್ಬನೇ ಉಳಿದೆ.

ಆದರೆ ಅವ್ವನೂ ಅದರ ಮೇಲೆ ಮುನಿಯುವ ದಿನ ಬಂತು. ಅದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಪ್ಪ ತೀರಿಕೊಂಡು ವರ್ಷಗಳಾದವು. ಅವರು ಫೋಟೋಗೆ ನಿಂತವರೇ ಅಲ್ಲ. ಕ್ಯಾಮೆರಾ ಕಂಡರೆ ಪಂಚೆ ಕೊಡವಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಅವರು ನಡೆದಾಡುವುದನ್ನು ನೋಡಬೇಕೆಂದರೆ ನಮಗಿರುವುದು ಒಂದೇ ದಾರಿ, ಹೊಳವನಹಳ್ಳಿಯಲ್ಲಿ ನಡೆದ ನನ್ನ ತಂಗಿ ಶೈಲಾಳ ಮದುವೆಯ ಸಿ.ಡಿ. ಅಪ್ಪನ ಸ್ಮರಣೆಯ ದಿನ ಮಧ್ಯಾಹ್ನ ಎಡೆ ಇಟ್ಟು ಎಲ್ಲರೂ ಉಂಡ ಮೇಲೆ, ಅವ್ವ ಆ ಸಿ.ಡಿ.ಯನ್ನು ರವಿಕೆ ಕಣದಿಂದ ಬಿಚ್ಚಿ ಕೊಡುತ್ತಾಳೆ. ಹಾಕಿ ನೋಡುತ್ತೇವೆ. ಮೊದಲು ಟಿ.ವಿ.ಯಲ್ಲಿ ನೋಡುತ್ತಿದ್ದಾಗ ಅಪ್ಪನ ಮಾತೆಲ್ಲ ವಾಲಗದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು, ಅದರ ಪ್ಲೇಯರು ಕೆಟ್ಟ ಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲಿ ಜೀರುಂಡೆಯ ಸದ್ದು. ಹಾಗಾಗಿ ನಾವು ನೋಡುತ್ತಿದ್ದದ್ದು ಮೂಕಚಿತ್ರ. ಅವ್ವ ಮಾತ್ರ ಅದರ ಜೊತೆಗೆ ಪ್ರತಿವರ್ಷವೂ ಒಂದೇ ದೂರು ಹೇಳುತ್ತಾಳೆ: ‘ನೋಡು ಹೆಂಗೆ ಓಡಾಡ್ತಾವ್ರೆ, ಊರಿಗೆಲ್ಲ ಬಡಿಸ್ಕಂಡು. ನನ್ನ ಒಂದಿನಾನಾ ಉಂಡ್ಯಾ ಅಂತ ಕೇಳಿದ ಮನುಷ್ಯ ಅಲ್ಲ ಬುಡು ನಿಮ್ಮಪ್ಪ.’ ದೂರು ಹೇಳುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ.

ಈ ಸಲ ಸ್ಮರಣೆ ಹತ್ತಿರ ಬಂದಾಗ, ‘ಹೊಸಾದ್ರಾಗೆ ಹಾಕಿ ನೋಡು, ಚೆಂದಾಗಿ ಕಾಣ್ತಾರೇನೋ’ ಎಂದು ಅವ್ವ ಮೊದಲೇ ಸಿ.ಡಿ. ತಂದುಕೊಟ್ಟಳು. ನಾನು ಲ್ಯಾಪ್‌ಟಾಪಿನ ಬಲಗಡೆ ತಡವಿದೆ, ಎಡಗಡೆ ತಡವಿದೆ, ಮಗುಚಿ ಹಾಕಿ ಹೊಟ್ಟೆ ತಡವಿದೆ. ಸಿ.ಡಿ. ಹಾಕಲು ಜಾಗವೇ ಇಲ್ಲ! ಹೆಸರು ಮಲ್ಟಿಮೀಡಿಯಾ! ಭಾವಮೈದನಿಗೆ ಫೋನು ಮಾಡಿ ಕೂಗಾಡಿದರೆ, ‘ಸಿ.ಡಿ.ನಾ? ಈಗ ಯಾರು ಭಾವ ಸಿ.ಡಿ. ಹಾಕ್ತಾರೆ?’ ಎಂದು ನಕ್ಕ. ಯಾರು ಹಾಕುತ್ತಾರೆ! ಅಪ್ಪನನ್ನು ನೋಡಬೇಕಾದವರು ಹಾಕುತ್ತಾರೆ ಕಣಯ್ಯಾ ಎಂದು ಬೈದು ಫೋನಿಟ್ಟೆ. ಅವ್ವ ಸಿ.ಡಿ.ಯನ್ನು ಮತ್ತೆ ಕಣದಲ್ಲಿ ಸುತ್ತಿಕೊಂಡು, ‘ಹೋಗ್ಲಿ ಬುಡು, ಹಳೇದನ್ನ ಕೊಡ್ದೆ ಮಡೀಕಂಡಿದ್ರೆ ಆಗ್ತಿತ್ತು’ ಎಂದು ಒಳಗೆ ಹೋದಳು. ಬೈದಿದ್ದರೆ ವಾಸಿಯಾಗಿತ್ತು. ಆ ಮೂಕಚಿತ್ರವೂ ನನ್ನ ಕೈಯಾರೆ ಹೋಯಿತಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಓಬಳೇಶರ ಮುಂದೆ ಗೋಳು ತೋಡಿಕೊಂಡೆ. ‘ದಾನಿಕೇಮುಂದಿ ಸಾರ್, ಅದ್ಕೇನಂತೆ, ನಮ್ಮನೇನಾಗೆ ಹೊರಗಿಂದ ಸಿಕ್ಕಿಸೋ ಸಿ.ಡಿ. ಡ್ರೈವ್ ಐತೆ, ತಂದುಕೊಡ್ತೀನಿ’ ಎಂದು, ಕಷ್ಟ ಬಂದಾಗ ಬರುವ ತಮ್ಮ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರು. ಪುಣ್ಯಾತ್ಮರು, ಊರಿಗೆ ಹೋದವರು ತಂದೇಬಿಟ್ಟರು. ಮನೆಗೆ ತಂದು ಸಿಕ್ಕಿಸಲು ಹೋದರೆ ಅದರ ಪಿನ್ನು ಅಗಲ, ಇದರ ತೂತು ಅಕ್ಕಿಕಾಳು. ಪ್ರೀಮಿಯಂ ಅಲ್ಲವೇ, ಎಲ್ಲರ ಜೊತೆ ಸೇರುವುದಿಲ್ಲ. ಅಗಲದ್ದನ್ನು ಕಿರಿದಕ್ಕೆ ಹೊಂದಿಸುವ ಇನ್ನೊಂದು ತುಂಡು ಬೇಕಂತೆ. ಅದಕ್ಕಾಗಿ ಸಿರಾಕ್ಕೆ ಹೋಗಿ, ಅದೇ ಭಾವಮೈದನ ಅಂಗಡಿಯಲ್ಲಿ, ಅವನ ನಗು ನೋಡಿಕೊಂಡು ತಂದೆ.

ಸ್ಮರಣೆಯ ದಿನ ಬಂತು. ಶೈಲಾ ಬಂದಿದ್ದಳು. ಊಟ ಮುಗಿದು ಎಲ್ಲರೂ ಚಾಪೆಯ ಮೇಲೆ ಕೂತರು. ನಾನು ಹೊಸದಾಗಿ ವಿಭೂತಿ ಹಚ್ಚಿಕೊಂಡು, ಲ್ಯಾಪ್‌ಟಾಪಿಗೆ ಮುಖ ಒಪ್ಪಿಸಿ, ತುಂಡಿಗೆ ತುಂಡು ಸಿಕ್ಕಿಸಿ, ಸಿ.ಡಿ. ಹಾಕಿದೆ. ಚಿತ್ರ ಬಂತು, ಬೆಂಕಿಪೊಟ್ಟಣದಷ್ಟು. ದೊಡ್ಡದು ಮಾಡಿದೆ. ಆ ಭಾರೀ ಪರದೆಯ ಮೇಲೆ ಅಪ್ಪನ ಮುಖ ಗ್ರಾಫ್ ಹಾಳೆಯಲ್ಲಿ ಬಿಡಿಸಿದ ಹಾಗೆ ಬರೀ ಚೌಕ ಚೌಕ. ಮೂಗೆಲ್ಲಿ, ಮೀಸೆಯೆಲ್ಲಿ ತಿಳಿಯದು. ನನಗೆ ಕೋಪ ನೆತ್ತಿಗೇರಿತು. ‘ಇದೇ ನೋಡಿ ನಿಮ್ಮ ಜಬರ್ದಸ್ತ್! ಬೆಟ್ಟ ತೋರಿಸ್ತದೆ, ಬೈತಲೆ ತೋರಿಸ್ತದೆ, ಅಪ್ಪನ ಮುಖ ತೋರಿಸೋದಿಲ್ಲ’ ಎಂದು ಕೂಗಾಡುತ್ತಿದ್ದೆ. ‘ಸುಮ್ಕಿರ್ಲಾ!’ ಎಂದು ಅವ್ವ ಗದರಿದಳು. ‘ಮಾತು ಕೇಳ್ತೈತೆ.’

ಹೌದು. ಛತ್ರದ ಅಡುಗೆಮನೆ. ವಾಲಗ ಎಲ್ಲೋ ಹಿಂದೆ ಬೇರೆಯಾಗಿ ಕೇಳುತ್ತಿತ್ತು, ಮುಂದೆ ಅಪ್ಪನ ದನಿ ಬೇರೆಯಾಗಿ, ಪಕ್ಕದಲ್ಲಿ ನಿಂತು ಆಡಿದಷ್ಟು ಹತ್ತಿರ. ಮದುವೆಗೆಂದು ತರಿಸಿದ್ದ ಆವಿಯ ಬಾಯ್ಲರೊಂದನ್ನು ಎದುರಿಗಿಟ್ಟುಕೊಂಡು ಬೈಯುತ್ತಿದ್ದರು. ‘ಯಾವನ್ಲಾ ಇದನ್ನ ತರ್ಸಿದ್ದು? ನೋಡಕ್ಕೆ ಥಳಥಳ, ಅನ್ನ ನೋಡಿದ್ರೆ ನೆಟ್ಟಗೆ ಬೆಂದಿಲ್ಲ!’ ಅಡುಗೆಯವನು, ‘ನೀವೇ ಅಲ್ವಾ ಯಜಮಾನ್ರೇ ತರ್ಸಿದ್ದು’ ಅಂದ. ಶೈಲಾ ನನ್ನ ಮುಖ ನೋಡಿದಳು. ಸುಮಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಅಪ್ಪ ದನಿ ತಗ್ಗಿಸಿ ಯಾರಿಗೋ ಹೇಳಿದರು: ‘ಲೇ, ಮಲ್ಲೇಶನ ಅವ್ವ ಉಂಡ್ಳಾ ಇಲ್ವಾ ನೋಡ್ರಲಾ ಮೊದ್ಲು. ಬೆಳಿಗ್ಗೆಯಿಂದ ಬರೀ ಕಾಫಿ ಮ್ಯಾಲವ್ಳೆ.’

ನಗು ನಿಂತಿತು. ಯಾರೂ ಅವ್ವನ ಕಡೆ ತಿರುಗಲಿಲ್ಲ. ಅವಳು ಚೌಕ ಚೌಕದ ಆ ಮುಖವನ್ನೇ ನೋಡುತ್ತಾ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ, ‘ಇನ್ನೊಂದ್ಸಲ ಹಾಕ್ಲಾ’ ಅಂದಳು. ಹಾಕಿದೆ. ಮತ್ತೆ ಹಾಕಿಸಿದಳು. ‘ಮುಖ ಸರಿಯಾಗಿ ಕಾಣಲ್ಲ ಅವ್ವಾ’ ಎಂದೆ. ‘ಮುಖ ನಂಗೆ ಗೊತ್ತಿಲ್ವಾ? ದನಿ ಮರ್ತೋಗಿತ್ತು ಕಣ್ಲಾ’ ಅಂದಳು. ಕಣ್ಣೊರೆಸಿಕೊಂಡಳು. ಒರೆಸಿಕೊಂಡು ಮುಗಿದ ಮೇಲೆ ಅವಳಿಗೂ ಸಿಟ್ಟು ಬಂತು. ‘ಅಲ್ಲಾ, ಊರೋರ್ನೆಲ್ಲ ಕೇಳೋ ಬದ್ಲು ನನ್ ಮುಂದೆ ಬಂದು ಉಂಡ್ಯಾ ಅಂತ ಕೇಳಕ್ಕೆ ಏನಾಗಿತ್ತಂತೆ ಆ ಮಾರಾಯ್ರಿಗೆ?’

ಈಗ ದಿನಾ ಸ್ಕೂಲಿನಿಂದ ಬಂದು ಚೀಲ ಇಳಿಸುವುದೇ ತಡ, ‘ವಿಭೂತಿ ಹಚ್ಕಂಡು ಬಾ, ಅದನ್ನ ತೆಗಿ’ ಎಂಬ ಕರೆ ಬರುತ್ತದೆ. ಲ್ಯಾಪ್‌ಟಾಪು ಅವ್ವನದಾಗಿದೆ. ಪ್ರಶ್ನೆಪತ್ರಿಕೆಯನ್ನು ನಾನು ಕೈಯಲ್ಲಿ ಬರೆಯುತ್ತಿದ್ದೇನೆ, ಈ ಪ್ರಬಂಧವನ್ನೂ. ಕೊಂಡವನು ನಾನು, ಹೊತ್ತವನು ನಾನು, ಅದಕ್ಕಾಗಿ ಹಣೆಗೆ ಸೀಮೆಸುಣ್ಣ ಬಳಿದುಕೊಂಡವನು ನಾನು. ಈ ಅನ್ಯಾಯವನ್ನು ಯಾರಾದರೂ ಕೇಳಬೇಡವೇ? ನಿನ್ನೆ ಅದನ್ನೇ ಯೋಚಿಸುತ್ತಾ ಕೂತಿದ್ದಾಗ ಒಳಗಿನಿಂದ ಅಪ್ಪನ ದನಿ ಕೇಳಿತು, ‘ಉಂಡ್ಳಾ ಇಲ್ವಾ ನೋಡ್ರಲಾ.’ ನನಗೇ ಹೇಳಿದ ಹಾಗಾಯಿತು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಗಂಟಲು ಸರಿಮಾಡಿಕೊಂಡು, ‘ಸುಮಾ, ನಿನ್ನ ಊಟ ಆಯ್ತಾ?’ ಎಂದು ಕೇಳಿದೆ.

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. ‘ಯಾಕ್ರೀ’ ಅಂದಳು, ‘ಆ ಲ್ಯಾಪ್‌ಟಾಪಿಗೆ ಇನ್ನೂ ಏನಾದ್ರೂ ತರಬೇಕಾ?’