ನಾಲ್ಕು ವ್ಯಾಟಿನ ಡಬ್ಬಿ

ತಪ್ಪೆಲ್ಲ ಆ ಮುಂದಿನ ಗಾಜಿನದು. ಜಹೀರ್ ಅಹಮದ್ ಅದನ್ನು ಆವತ್ತೇ ಕಿತ್ತು ಬಿಸಾಕಿದ್ದರೆ ಶಿರಾದ ಕಂಬಳಿ ಸೊಸೈಟಿಯ ಗುಮಾಸ್ತ ನಾಗಲಿಂಗಯ್ಯನಿಗೆ ಆ ಗುರುವಾರ ಅಂಥ ಗತಿ ಬರುತ್ತಿರಲಿಲ್ಲ.

ನಾಗಲಿಂಗಯ್ಯನ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರಿತ್ತು. ಎದೆಗೆ ಅವುಚಿಕೊಂಡು ಬಾರಿಸುವಂಥದ್ದಲ್ಲ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸುವಂಥದ್ದು. ದೂರದಿಂದ ನೋಡಿದವರಿಗೆ ಪಂಚೆ ಇಸ್ತ್ರಿ ಮಾಡುತ್ತಿದ್ದಾನೆ ಅನ್ನಿಸಬೇಕು. ಸೊಸೈಟಿಯವರು ತರಬೇತಿಗೆಂದು ಬೆಂಗಳೂರಿಗೆ ಕಳಿಸಿದಾಗ ದಂಡುಪ್ರದೇಶದ ಕಡೆ ಯಾವಳೋ ದೊರೆಸಾನಿಯಿಂದ ಕೊಂಡು ತಂದದ್ದು. ತರಬೇತಿಯಲ್ಲಿ ಕಲಿತದ್ದೇನೆಂದು ಅವನಿಗೆ ಇವತ್ತಿಗೂ ನೆನಪಿಲ್ಲ.

ಅಂಥ ಗಿಟಾರಿಗೆ ತನ್ನದೇ ಗಂಟಲಿಲ್ಲ. ಅದರ ವೈರನ್ನು ದನಿ ಹಿಗ್ಗಿಸುವ ಡಬ್ಬಿಗೆ ಸಿಕ್ಕಿಸದಿದ್ದರೆ ಅದರ ದನಿ ಸೊಳ್ಳೆಯದಕ್ಕಿಂತ ಸ್ವಲ್ಪ ಮೇಲು, ಅಷ್ಟೆ. ಅದಕ್ಕೇ ಮೊದಮೊದಲು ಮೈಕ್‌ಸೆಟ್ಟಿನವರ ದೊಡ್ಡ ಡಬ್ಬಿ ತಂದು, ಬಾಡಿಗೆ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಅಭ್ಯಾಸಕ್ಕೆ ಕೂತದ್ದುಂಟು. ಮೊದಲ ಮೀಟಿಗೇ ಮನೆಯೊಡತಿ ಚನ್ನಮಲ್ಲಮ್ಮನ ಎಮ್ಮೆ ಹಾಲಿನ ಚೊಂಬು ಒದ್ದು, ಗೂಟ ಕಿತ್ತುಕೊಂಡು ಓಡಿತು. ಸಂಜೆಗೆ ತಾವರೆಕೆರೆ ದಾರಿಯಲ್ಲಿ ಸಿಕ್ಕಿತು.

"ಲೇ ನಾಗ, ಒಂದು ನನ್ನೆಮ್ಮೆ ಇರ್ಬೇಕು, ಇಲ್ಲ ನಿನ್ ಬಾಜಾಬಜಂತ್ರಿ ಇರ್ಬೇಕು. ಎಮ್ಮೆ ಆದ್ರೆ ಹಾಲ್ ಕೊಡ್ತೈತೆ. ನೀನೇನ್ ಕೊಡ್ತೀಯ ಹೇಳು ನೋಡಾನ?" ಎಂದಳು ಚನ್ನಮಲ್ಲಮ್ಮ.

ಈ ಪ್ರಶ್ನೆಗೆ ಉತ್ತರ ಜಹೀರ್ ಅಹಮದನಲ್ಲಿ ಇತ್ತು. ಅವನದು ಪೇಟೆಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಸಂಜೆಯಾದರೆ ನಾಗಲಿಂಗಯ್ಯನ ಪಕ್ಕ ಕೂತು ಬೊಂಗೋ ಬಡಿಯುವವನೂ ಅವನೇ. ಸತ್ತುಹೋದ ರೇಡಿಯೋವೊಂದರ ಕರುಳೆಲ್ಲ ಬಗೆದು, ಎರಡು ವಾಲ್ವು, ಒಂದು ಅಂಗೈಯಗಲದ ಸ್ಪೀಕರು ಕೂರಿಸಿ, ನಾಲ್ಕೇ ನಾಲ್ಕು ವ್ಯಾಟಿನ ಡಬ್ಬಿ ಮಾಡಿಕೊಟ್ಟ.

"ಛೋಟಾ ಡಬ್ಬೀನೇ ಒಳ್ಳೇದು ನಾಗಣ್ಣಾ. ದೊಡ್ಡ ಡಬ್ಬೀಲಿ ತಪ್ಪು ದೊಡ್ಡದಾಗ್ತದೆ, ಇದರಲ್ಲಿ ಎಷ್ಟಿದೆಯೋ ಅಷ್ಟೇ ಇರ್ತದೆ. ನಿನ್ನ ಗಿಟಾರು, ನನ್ನ ಬೊಂಗೋ, ಪರ್ವತಯ್ಯನ ಹಾರ್ಮೋನಿಯಂ, ಮೂರೂ ಒಂದಕ್ಕೊಂದು ಕೇಳಿಸ್ತಾವೆ. ಮದುವೆ ಮನೇಲಿ ಜನ ಜಾಸ್ತಿ ಆದ್ರೆ ಅವರ ಮೈಕನ್ನೇ ಎಳೆದು ಇದರ ಮೂತಿ ಮುಂದೆ ಇಟ್ಟರಾಯ್ತು."

ಅವನು ಹೇಳಿದ ಹಾಗೇ ಆಯಿತು. ಡಬ್ಬಿಯ ದನಿ ಕೊಟ್ಟಿಗೆ ತುಂಬುವಷ್ಟಿತ್ತು, ಬೀದಿಗೆ ಬಿದ್ದು ಹೊರಳಾಡುವಷ್ಟಿರಲಿಲ್ಲ. ಎಮ್ಮೆ ತಾಳಕ್ಕೆ ಸರಿಯಾಗಿ ಮೆಲುಕು ಹಾಕತೊಡಗಿತು. ಆದರೆ ಜಹೀರ್ ರೇಡಿಯೋದ ಮುಂದಿನ ಗಾಜನ್ನು ಹಾಗೇ ಬಿಟ್ಟಿದ್ದ. ಗಾಜಿನ ಹಿಂದೆ ಪುಟ್ಟ ಬಲ್ಬು. ಅದರ ಬೆಳಕಿನಲ್ಲಿ ಕೊಲಂಬೊ, ದಿಲ್ಲಿ, ಲಂಡನ್ ಎಂಬ ಹೆಸರುಗಳು. ಗುಂಡಿ ತಿರುಗಿಸಿದರೆ ಕೆಲಸವಿಲ್ಲದ ದಫೇದಾರನ ಹಾಗೆ ಅತ್ತಿಂದಿತ್ತ ಓಡಾಡುವ ಕೆಂಪು ಸೂಜಿ.

"ಇದ್ಯಾಕೆ ಭಾಯ್?" ಎಂದರೆ, "ಶೋ ಬೇಕಲ್ಲ!" ಎಂದಿದ್ದ.

ಶೋ ಮೊದಲು ಕಣ್ಣಿಗೆ ಬಿದ್ದದ್ದು ಎದುರುಮನೆಯ ಬೈರಪ್ಪನಿಗೆ. ಬೈರಪ್ಪ ತಾಲ್ಲೂಕು ಕಚೇರಿಯ ಹೊಂಗೆಮರದಡಿ ಕೂತು ಊರಿನವರಿಗೆಲ್ಲ ಅರ್ಜಿ ಬರೆದುಕೊಡುವವನು. ಸಂಜೆ ಬಂದು ಜಗಲಿಯ ಮೇಲೆ ಕೂತ. "ಒಂಚೂರು ವಾರ್ತೆ ಹಾಕ್ರಿ ನಾಗಲಿಂಗಯ್ನೋರೇ." ಇದು ರೇಡಿಯೋ ಅಲ್ಲ ಎಂದ ನಾಗಲಿಂಗಯ್ಯ. ಮಾರನೆಯ ದಿನವೂ ಬಂದ, ಕಡಲೆಕಾಯಿ ಧಾರಣೆ ಕೇಳಬೇಕೆಂದ. ಅಲ್ಲ ಎಂದ ನಾಗಲಿಂಗಯ್ಯ. ಮೂರನೆಯ ದಿನ ಬೈರಪ್ಪ ಎದ್ದು ನಿಂತು, "ಬುಡಿ, ಬುಡಿ. ನಾವು ಕೇಳಿಬುಟ್ರೆ ನಿಮ್ ರೇಡಿಯೋ ಸವೆದೋಯ್ತದೆ" ಎಂದು ಹೊರಟುಹೋದ. ಆ ಮೇಲೆ ಎರಡು ವಾರ ಮಾತಿಲ್ಲ.

ಎರಡು ವಾರದ ಮೇಲೆ ಆ ಗುರುವಾರ ಬಂತು.

ನಾಗಲಿಂಗಯ್ಯನ ಪಾಲಿಗೆ ಅದು ಸಣ್ಣ ದಿನವಲ್ಲ. ಮೂರು ವರ್ಷದಿಂದ ಅಭ್ಯಾಸ ಮಾಡಿದ ವಾದ್ಯಗೋಷ್ಠಿ ಕೊಟ್ಟಿಗೆಯ ಹೊಸಿಲು ದಾಟಿರಲಿಲ್ಲ. ಈಗ ಎಣ್ಣೆ ಗಾಣದ ಮಲ್ಲಿಕಾರ್ಜುನಯ್ಯನವರು ಮಗಳ ಮದುವೆಗೆ ಇವರನ್ನು ಕರೆಯುವ ಮನಸ್ಸು ಮಾಡಿದ್ದರು. ಗುರುವಾರ ಎರಡು ಗಂಟೆಗೆ ಖುದ್ದಾಗಿ ಬಂದು ಕೇಳುವುದು. ಒಪ್ಪಿದರೆ ಅಲ್ಲೇ ವೀಳ್ಯ. ಇಲ್ಲವಾದರೆ ತುಮಕೂರಿನ ಬ್ಯಾಂಡಿನವರು ಹೇಗೂ ಇದ್ದಾರೆ. 'ಇದೂ ಕೈತಪ್ಪಿದರೆ ಗಿಟಾರನ್ನು ಅಟ್ಟಕ್ಕೆ ಹಾಕಿ, ಕಂಬಳಿ ಎಣಿಸಿಕೊಂಡೇ ಸಾಯುತ್ತೇನೆ' ಎಂದು ನಾಗಲಿಂಗಯ್ಯ ಆಣೆ ಹಾಕಿಕೊಂಡಿದ್ದ. ಹೆಣ್ಣು ಕೊಟ್ಟ ಅತ್ತೆಗೆ ಕಾಯಿಲೆ ಎಂದು ರಜೆ ಚೀಟಿಯನ್ನೂ ಬರೆದುಕೊಟ್ಟಿದ್ದ. ಮದುವೆಯೇ ಆಗದವನಿಗೆ ಯಾವ ಅತ್ತೆ ಎಂದು ಕೇಳದ ಸೆಕ್ರೆಟರಿ ದೇವರಂಥವನು. ಹಾರ್ಮೋನಿಯಂ ಪರ್ವತಯ್ಯ ಮಧುಗಿರಿಯಿಂದ ಒಂದೂವರೆ ಬಸ್ಸಿಗೆ ಬರುವುದೆಂದು ಮಾತಾಗಿತ್ತು.

ಹನ್ನೊಂದೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ಪರ್ವತಯ್ಯನಲ್ಲ. ಖಾಕಿ ಚೀಲ, ಬೆವರಿದ ಕೋಟು, ಕೈಯಲ್ಲೊಂದು ಕಾಗದ. ರೇಡಿಯೋ ಇಟ್ಟುಕೊಳ್ಳುವುದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿದ್ದ ಕಾಲ ಅದು.

"ನಾನು ಗಂಗಯ್ಯ, ರೇಡಿಯೋ ಲೈಸೆನ್ಸ್ ಇನ್ಸ್‌ಪೆಕ್ಟರು. ನಿಮ್ಮ ಸೆಟ್ಟಿನ ಲೈಸೆನ್ಸ್ ಪುಸ್ತಕ ತೋರಿಸ್ರಿ."

"ಸಾರ್, ನಮ್ಮನೇಲಿ ರೇಡಿಯೋನೇ ಇಲ್ಲ."

ಗಂಗಯ್ಯ ಕಾಗದ ಬಿಡಿಸಿ ಓದಿದ. "'ತಮ್ಮ ದಿವ್ಯ ಸನ್ನಿಧಾನಕ್ಕೆ ನೊಂದ ಪ್ರಜೆಯೊಬ್ಬನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಆಸಾಮಿಯು ಕೊಟ್ಟಿಗೆಯಲ್ಲಿ ಗುಪ್ತವಾಗಿ ರೇಡಿಯೋವನ್ನು ಇಟ್ಟುಕೊಂಡು, ಎಮ್ಮೆಗೆ ಕೇಳಿಸುತ್ತಾನೆಯೇ ಹೊರತು ಮನುಷ್ಯರಿಗೆ ಕೇಳಿಸನು...'"

ಬಾಗಿಲಿನ ಹಿಂದೆ ಬೈರಪ್ಪನ ತಲೆ ಕಾಣಿಸಿತು. "ಯಾರು ಬರೆದ್ರೋ ಸಾರ್, ಬರವಣಿಗೆ ಮಾತ್ರ ಬಲು ಚೆನ್ನಾಗೈತೆ" ಎಂದ.

ಕೊಟ್ಟಿಗೆಗೆ ಹೋದರು. ಜಹೀರ್ ಡಬ್ಬಿಯ ಧೂಳು ಒರೆಸುತ್ತಿದ್ದ. ಬಲ್ಬು ಉರಿಯುತ್ತಿತ್ತು. ಕೊಲಂಬೊ, ದಿಲ್ಲಿ, ಲಂಡನ್ ಮೂರೂ ಮದುವಣಗಿತ್ತಿಯರ ಹಾಗೆ ಹೊಳೆಯುತ್ತಿದ್ದವು.

"ಇದೇನ್ರಿ?" ಎಂದ ಗಂಗಯ್ಯ.

"ಆಂಪ್ಲಿಫೈಯರ್ ಸಾರ್. ಗಿಟಾರ್ ದನಿ ದೊಡ್ಡದು ಮಾಡೋದು" ಎಂದ ಜಹೀರ್.

"ಹಂಗಾದ್ರೆ ಲಂಡನ್ ಯಾಕೆ?"

"ಶೋ ಸಾರ್."

ಗಂಗಯ್ಯ ಗುಂಡಿ ತಿರುಗಿಸಿದ. ಸೂಜಿ ಲಂಡನ್ನಿಗೆ ಹೋಯಿತು, ದಿಲ್ಲಿಗೆ ಬಂತು. ಎಲ್ಲೂ ಯಾರೂ ಮಾತಾಡಲಿಲ್ಲ. "ಏರಿಯಲ್ ತಂತಿ ತೆಗೆದಿದೀರಿ" ಎಂದು ಆಚೀಚೆ ನೋಡಿ, ಹಿತ್ತಲಲ್ಲಿ ಚನ್ನಮಲ್ಲಮ್ಮ ಸೀರೆ ಹರವಿದ್ದ ತಂತಿಯನ್ನು ಪತ್ತೆಹಚ್ಚಿದ. "ಇಷ್ಟುದ್ದ! ಅದರ ಮೇಲೆ ಸೀರೆ ಹೊದಿಸಿ ಮರೆಮಾಚಿದೀರಿ!"

"ಅಯ್ಯೋ ನಿನ್ ಮನೆ ಹಾಳಾಗ, ಮುಟ್ಬೇಡ ಕಣಯ್ಯ, ಅದು ಮಡಿ!" ಎಂದು ಚನ್ನಮಲ್ಲಮ್ಮ ಕೂಗಿಕೊಂಡಳು. ಕೂಗಿಗೆ ಬೀದಿಯೆಲ್ಲ ಬಂತು. ಪಕ್ಕದ ಮನೆಯ ಸಿದ್ದಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ನಿಂತು, ನಾಗಲಿಂಗಯ್ಯನಿಗೆ ಉಪಕಾರ ಮಾಡುವ ಘನ ಉದ್ದೇಶದಿಂದಲೇ ಸಾಕ್ಷಿ ಹೇಳಿದಳು: "ಪಾಪ, ಜೋರಾಗೇನೂ ಹಾಕಾಕಿಲ್ಲ ಸಾಮಿ. ದಿನಾ ಸಂಜೆ ಒಂದ್ ಗಂಟೆ ಹಾಡ್ತೈತೆ. ಮಧ್ಯೆ ಮಧ್ಯೆ ತುರುಕ ಭಾಷೇಲಿ ಒಬ್ಬ ವಾರ್ತೇನೂ ಓದ್ತಾನೆ."

"ಅದು ನಾನು ಅಮ್ಮಾ! ತಾಳ ತಪ್ಪಿದಾಗ ಬೈತಿದ್ದೆ!" ಎಂದು ಜಹೀರ್ ಅಂಗಲಾಚಿದ.

ಗಂಗಯ್ಯ ಬರೆದುಕೊಳ್ಳುತ್ತಿದ್ದ. ಸೆಟ್ಟನ್ನು ಜಪ್ತಿ ಮಾಡಿ ಮುಂದಿನ ಬಸ್ಸಿಗೆ ತುಮಕೂರಿಗೆ ಒಯ್ಯುವುದಾಗಿ ಹೇಳಿದ. ನಾಗಲಿಂಗಯ್ಯನ ಕಣ್ಣ ಮುಂದೆ ಎರಡು ಗಂಟೆ, ಮಲ್ಲಿಕಾರ್ಜುನಯ್ಯ, ವೀಳ್ಯ, ಅಟ್ಟ ಎಲ್ಲ ಸಾಲಾಗಿ ಹಾದುಹೋದವು.

"ಸಾರ್, ಬೇಡ. ರೇಡಿಯೋನೇ ಅನ್ನಿ. ಈಗ್ಲೇ ಲೈಸೆನ್ಸ್ ಮಾಡಿಸ್ಬಿಡ್ತೀನಿ."

"ಯಾವ ಕಂಪನಿ? ಸೆಟ್ಟಿನ ನಂಬರೆಷ್ಟು?"

"ನಂಬರಿಲ್ಲ ಸಾರ್, ರೇಡಿಯೋ ಅಲ್ವಲ್ಲ."

"ನಂಬರಿಲ್ಲದ ರೇಡಿಯೋಕ್ಕೆ ಲೈಸೆನ್ಸ್ ಕೊಡೋಕಾಗಲ್ಲ. ರೇಡಿಯೋ ಅಲ್ಲದಿದ್ರೆ ಲೈಸೆನ್ಸ್ ಯಾಕೆ ಕೇಳ್ತೀರಿ?"

ನಾಗಲಿಂಗಯ್ಯ ಇದನ್ನು ಎರಡು ಸಲ ಮನಸ್ಸಿನಲ್ಲೇ ತಿರುವಿ ಹಾಕಿದ. ಎರಡು ಸಲವೂ ತಾನೇ ಒಳಗೆ ಸಿಕ್ಕಿಕೊಂಡ. ಕೊನೆಗೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, "ನುಡಿಸಿಯೇ ತೋರಿಸ್ತೀನಿ ಸಾರ್" ಎಂದ.

ಮೋಹನ ರಾಗ ಎತ್ತಿಕೊಂಡ. ಹೆದರಿಕೆಯೋ, ಹಟವೋ, ಆವತ್ತು ಅವನ ಕೈಯಲ್ಲಿ ಏನೋ ಕೂತಿತ್ತು. ಸ್ವರಗಳು ಬೆಣ್ಣೆ ಹಚ್ಚಿದ ಹಾಗೆ ಜಾರಿದವು. ಎಮ್ಮೆ ಬಾಲ ಬೀಸುವುದನ್ನು ನಿಲ್ಲಿಸಿತು. ಗಂಗಯ್ಯ ಕಣ್ಣು ಮುಚ್ಚಿ ತಲೆದೂಗಿದ. ನುಡಿಸಿ ಮುಗಿದಾಗ ಅವನ ಕಣ್ಣಂಚು ಒದ್ದೆಯಾಗಿತ್ತು.

"ಹದಿನೈದು ವರ್ಷದಿಂದ ರೇಡಿಯೋ ಕೇಳ್ತಿರೋನು ನಾನು" ಎಂದ ಕಣ್ಣೊರೆಸಿಕೊಂಡು. "ಇಂಥ ಕೈ ಶಿರಾದಲ್ಲಿರೋಕೆ ಸಾಧ್ಯವೇ ಇಲ್ಲ. ಇದು ಕೊಲಂಬೊ."

ಮೂರು ವರ್ಷದಲ್ಲಿ ನಾಗಲಿಂಗಯ್ಯನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅದೂ ಪಂಚನಾಮೆಯ ರೂಪದಲ್ಲಿ ಸಿಕ್ಕಿತು.

"ನನ್ನ ಕೈ ಆಡಿದ್ದು ನೋಡ್ಲಿಲ್ವೇ ಸಾರ್?"

"ಆಡ್ತಿತ್ತು. ಆದ್ರೆ ಕೈ ಎತ್ತಿದ ಮೇಲೂ ದನಿ ಬರ್ತಾನೇ ಇತ್ತು. ಅದು ಹೆಂಗೆ?"

ತಂತಿಯ ನಾದ ಹಾಗೇ ಉಳಿಯುತ್ತದೆ ಎಂದರೆ ಯಾರು ಕೇಳುತ್ತಾರೆ? "ಅಲ್ವೇ ಮತ್ತೆ!" ಎಂದ ಬೈರಪ್ಪ. ಜಹೀರ್ ಬಗ್ಗಿ ನಾಗಲಿಂಗಯ್ಯನ ಕಿವಿಯಲ್ಲಿ ಉಸುರಿದ: "ರೇಡಿಯೋದಲ್ಲಿ ಯಾರೂ ಗಲತಿ ಮಾಡಲ್ಲ ನಾಗಣ್ಣಾ. ನೀನು ತಪ್ಪು ಮಾಡು."

ನಾಗಲಿಂಗಯ್ಯ ಮೋಹನದೊಳಕ್ಕೆ ಅಳುಕುತ್ತ ಆ ರಾಗಕ್ಕೆ ಸೇರದ ಒಂದು ಸ್ವರ ಬಿಟ್ಟ.

"ಆಹಾ, ಎಂಥಾ ಧೈರ್ಯ! ಯಾರೋ ಭಾರಿ ವಿದ್ವಾಂಸ" ಎಂದ ಗಂಗಯ್ಯ.

ಇನ್ನು ಮರ್ಯಾದೆ ನೋಡುವ ಕಾಲವಲ್ಲ. ನಾಗಲಿಂಗಯ್ಯ ಕಣ್ಣು ಮುಚ್ಚಿ, ಕುಲದೇವರ ಕ್ಷಮೆ ಕೇಳಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಉದ್ದಕ್ಕೂ ಎಳೆದಾಡಿದ. ಹಲ್ಲು ಕೀಳಿಸಿಕೊಳ್ಳುವ ಬೆಕ್ಕು, ಎಣ್ಣೆ ಕಾಣದ ಗಾಡಿಯ ಅಚ್ಚು, ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಅಳು, ಎಲ್ಲವೂ ಒಂದೇ ರಾಗದಲ್ಲಿ ಹೊರಬಂದವು. ಜಹೀರ್ ಬೊಂಗೋವನ್ನು ಆದಿತಾಳಕ್ಕೂ ಸಲ್ಲದೆ ಯಾವುದಕ್ಕೂ ಸಲ್ಲದೆ ಗುದ್ದಿದ. ಸಿದ್ದಗಂಗಮ್ಮ "ಶಿವನೇ" ಎಂದು ಮನೆಗೆ ಓಡಿದಳು. ಗಂಗಯ್ಯ ಎರಡೂ ಕಿವಿಗೆ ಬೆರಳಿಟ್ಟುಕೊಂಡ.

"ನಿಲ್ಸ್ರೀ! ಇದನ್ನ ಜಗತ್ತಿನ ಯಾವ ಸ್ಟೇಷನ್ನೂ ಹಾಕಲ್ಲ! ಇದು ನೀವೇ! ನೀವೇ!"

ಅಲ್ಲೇ ಕೂತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಇದು ರೇಡಿಯೋ ಅಲ್ಲವೆಂದು ರುಜು ಹಾಕಿ, ಗುಂಡು ಮೊಹರು ಒತ್ತಿ ಕೊಟ್ಟು, ತಲೆನೋವಿನ ಮಾತ್ರೆ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಹೊರಟ.

ನಾಗಲಿಂಗಯ್ಯ ಕಾಗದವನ್ನು ಎದೆಗೊತ್ತಿಕೊಂಡು ಜಹೀರನನ್ನು ತಬ್ಬಿಕೊಂಡ. ಗಂಟೆ ಒಂದು ಹೊಡೆದು ಹತ್ತು ನಿಮಿಷ. ಎರಡಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಆಗ ಚನ್ನಮಲ್ಲಮ್ಮ ಬಂದು ಹೇಳಿದಳು: "ಲೇ ನಾಗ, ಗಾಣದ ಯಜಮಾನ್ರು ಬಂದವ್ರೆ ಕಣ್ಲಾ. ಒಂದೂವರೆಯಿಂದ ರಾಹುಕಾಲ ಅಂತ ಬೇಗ ಬಂದ್ಬುಟ್ರಂತೆ. ನೀನು ನುಡಿಸ್ತಾ ಇದ್ಯಲ್ಲ, ಅದಕ್ಕೇ ಹಜಾರದಲ್ಲೇ ಕೂರಿಸಿ ಮಜ್ಜಿಗೆ ಕೊಟ್ಟೆ. ಆಗ್ಲಿಂದ ಕೇಳಿಸ್ಕೊಂತಾ ಅವ್ರೆ."

"ಯಾವಾಗ್ಲಿಂದ ಅಮ್ಮ?" ನಾಗಲಿಂಗಯ್ಯನ ದನಿ ಡಬ್ಬಿಯಿಲ್ಲದ ಗಿಟಾರಿನದಾಗಿತ್ತು.

"ಆ ಬೆಕ್ಕು ಕಿರುಚ್ದಂಗೆ ಶುರುವಾತಲ್ಲ, ಆಗ್ಲಿಂದ."

ಮಲ್ಲಿಕಾರ್ಜುನಯ್ಯನವರು ಕೊಟ್ಟಿಗೆಗೆ ಬಂದರು. ಹರಳೆಣ್ಣೆ ಕುಡಿದ ಮುಖ. ಬೈರಪ್ಪ ಇನ್ನೂ ಅಲ್ಲೇ ಇದ್ದ. ದೊಡ್ಡವರಿಗೆಂದು ಕುರ್ಚಿ ಎಳೆದು ಹಾಕಿದ.

"ಯಜಮಾನ್ರೇ, ಈಗ ಕೇಳಿದ್ದು ನಿಜವಾದದ್ದಲ್ಲ. ಬೇಕೂಂತ ಕೆಟ್ಟದಾಗಿ ನುಡಿಸಿದ್ದು" ಎಂದ ನಾಗಲಿಂಗಯ್ಯ.

"ಬೇಕೂಂತ ಯಾರಪ್ಪ ಕೆಟ್ಟದಾಗಿ ನುಡಿಸ್ತಾರೆ?"

ಉತ್ತರ ಹೇಳುವ ಬದಲು ನಾಗಲಿಂಗಯ್ಯ ಮತ್ತೆ ಮೋಹನ ಎತ್ತಿದ. ಈ ಸಲ ಪ್ರಾಣವನ್ನೇ ತಂತಿಗೆ ಕಟ್ಟಿ ನುಡಿಸಿದ. ಯಜಮಾನರ ಮುಖದ ಹರಳೆಣ್ಣೆ ಕರಗಿ ಜೇನಾಯಿತು. ಮುಗಿದಾಗ ತೊಡೆ ತಟ್ಟಿ, "ಭಲೆ! ಇದು ಸಂಗೀತ ಅಂದ್ರೆ!" ಎಂದರು. ನಾಗಲಿಂಗಯ್ಯನ ಕಣ್ಣಲ್ಲಿ ನೀರು ಬಂತು.

"ರೇಡಿಯೋ ಅಲ್ವೇ ಯಜಮಾನ್ರೇ" ಎಂದ ಬೈರಪ್ಪ ಡಬ್ಬಿ ತೋರಿಸುತ್ತ. "ಇನ್ಸ್‌ಪೆಕ್ಟ್ರೇ ಬಾಯಿಬಿಟ್ಟು ಹೇಳಿದ್ರು, ಕೊಲಂಬೊ ಅಂತ."

ಮಲ್ಲಿಕಾರ್ಜುನಯ್ಯನವರು ಕೆಂಪು ಸೂಜಿಯನ್ನು ನೋಡಿದರು, ನಾಗಲಿಂಗಯ್ಯನನ್ನು ನೋಡಿದರು, ಹಜಾರದಲ್ಲಿ ಕೂತು ಕೇಳಿದ್ದನ್ನು ನೆನೆದರು. ಅವರಿಗೆ ಎಲ್ಲ ಅರ್ಥವಾಯಿತು.

"ಅಲ್ಲ ಯಜಮಾನ್ರೇ! ಇಲ್ಲಿ ನೋಡಿ, ಸರ್ಕಾರದೋರೇ ಬರೆದುಕೊಟ್ಟಿದಾರೆ" ಎಂದು ನಾಗಲಿಂಗಯ್ಯ ಕಾಗದ ಚಾಚಿದ.

ಯಜಮಾನರಿಗೆ ಇಂಗ್ಲಿಷ್ ಬಾರದು. ಗುಂಡು ಮೊಹರನ್ನು ಮಾತ್ರ ಮೂಗಿನ ಹತ್ತಿರ ಹಿಡಿದು ನೋಡಿದರು. "ಲೈಸೆನ್ಸೂ ಐತೆ. ಬುಡು, ಕಾನೂನಿನ ತಕರಾರಿಲ್ಲ."

ರಾಹುಕಾಲಕ್ಕೆ ಐದೇ ನಿಮಿಷವಿತ್ತು. ಅವರು ಅವಸರವಾಗಿ ಕೈಚೀಲದಿಂದ ವೀಳ್ಯದೆಲೆ, ಅಡಿಕೆ ತೆಗೆದರು. ನಾಗಲಿಂಗಯ್ಯ ಎರಡೂ ಕೈ ಚಾಚಿದ. ಅವರು ಅವನ ಕೈಗಳನ್ನು ದಾಟಿಕೊಂಡು ಹೋಗಿ, ಎಲೆ ಅಡಿಕೆಯನ್ನು ಡಬ್ಬಿಯ ಮೇಲಿಟ್ಟು ಭಕ್ತಿಯಿಂದ ಕೈಮುಗಿದರು.

"ಮದುವೆ ದಿನ ಗಾಡಿ ಕಳಿಸ್ತೀನಿ. ಡಬ್ಬೀನ ಹುಷಾರಾಗಿ ಎತ್ಕೊಂಡು ನೀವೂ ಬನ್ನಿ, ಊಟ ಮಾಡ್ಕೊಂಡು ಹೋಗಿ" ಎಂದರು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿ, ಗಿಟಾರಿನ ಕಡೆ ಬೆರಳು ಮಾಡಿ ದನಿ ತಗ್ಗಿಸಿದರು:

"ಆದ್ರೆ ಆ ಹಲಗೆ ಮಾತ್ರ ತರಬೇಡಿ ಕಣಪ್ಪ. ಶುಭಕಾರ್ಯ."