ನಕಲಿ ಎಂದು ಬರೆದ ಡಬ್ಬ

ನನ್ನ ಕೈಯಿಂದ ಯಾವ ವಸ್ತುವೂ ಕಳೆದುಹೋಗುವುದಿಲ್ಲ. ಇದು ಜಂಬವಲ್ಲ, ಉದ್ಯೋಗದಿಂದ ಬಂದ ಗುಣ. ನಾನು ಕಾಲೇಜೊಂದರ ಗ್ರಂಥಪಾಲಕಿ. ನಮ್ಮ ಮನೆಯಲ್ಲಿ ಸಾಸಿವೆ ಡಬ್ಬಕ್ಕೆ ಚೀಟಿ ಇದೆ. ಚೀಟಿಗಳನ್ನು ಇಡುವ ಡಬ್ಬಕ್ಕೂ ಚೀಟಿ ಇದೆ.

ಆದ್ದರಿಂದ ಅಕ್ಕನ ಸೀಮಂತದ ಸಿದ್ಧತೆಗೆಂದು ಅಪ್ಪ ಅಮ್ಮ ತುಮಕೂರಿಗೆ ಹೊರಟಾಗ, ಲಾಕರಿನಿಂದ ತಂದ ಅಜ್ಜಿಯ ಅಡ್ಡಿಕೆಯನ್ನು ಅಮ್ಮ ನನಗೆ ಒಪ್ಪಿಸಿದ್ದು ಸಹಜವಾಗಿಯೇ ಇತ್ತು. ಮುತ್ತು, ಕೆಂಪು ಪೋಣಿಸಿ ನಡುವೆ ಚಿನ್ನದ ಪದಕವಿಟ್ಟ ಕೊರಳ ಒಡವೆ ಅದು. ನಾನು ಅದನ್ನು ನೋಡಿದ್ದು ಗೋಡೆಯ ಮೇಲಿನ ಅಜ್ಜಿಯ ಕಪ್ಪು ಬಿಳುಪು ಫೋಟೋದಲ್ಲಿ ಮಾತ್ರ. ಈಗಲೂ ಗುಲಾಬಿ ಕಾಗದದ ಪೊಟ್ಟಣವಾಗಿಯೇ ನನ್ನ ಕೈ ಸೇರಿತು.

"ಬಸ್ಸಲ್ಲಿ ತಗೊಂಡು ಹೋಗೋಕೆ ನಂಗೆ ಧೈರ್ಯ ಇಲ್ಲ. ಬುಧವಾರ ಮಾವನ ಕಾರಲ್ಲಿ ನೀನೇ ತಗೊಂಬಾ. ಹುಷಾರು ಕಣೇ ವಸು! ನಮ್ಮನೆ ಹೆಣ್ಮಕ್ಕಳೆಲ್ಲಾ ಸೀಮಂತಕ್ಕೆ ಇದನ್ನೇ ಹಾಕ್ಕೊಂಡಿರೋದು. ನಿಮ್ಮಕ್ಕ ಏಳು ವರ್ಷದಿಂದ ಕಾಯ್ತಿದಾಳೆ."

"ಅಮ್ಮಾ, ನನಗೆ ಹೇಳ್ಬೇಕಾ?" ಎಂದೆ.

ಅವರು ಹೊರಟ ಮೇಲೆ ಗಂಭೀರವಾಗಿ ಯೋಚಿಸಿದೆ. ಕಳ್ಳರು ಮೊದಲು ನೋಡುವುದು ಬೀರು, ಆಮೇಲೆ ಅಕ್ಕಿ ಡಬ್ಬ. ಇಡೀ ಕರ್ನಾಟಕ ಒಡವೆಯನ್ನು ಅಕ್ಕಿಯಲ್ಲೇ ಹುಗಿದಿಡುತ್ತದೆ ಎಂದು ಕಳ್ಳರಿಗೆ ಗೊತ್ತಿಲ್ಲವೇ? ಹಾಗಾಗಿ ನಾನು ಪೊಟ್ಟಣವನ್ನು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಟಿವಿಯ ಪಕ್ಕ ಎಲ್ಲರಿಗೂ ಕಾಣುವಂತೆ ಇಟ್ಟೆ. ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದೆ: "ನಾಟಕದ ಒಡವೆ. ನಕಲಿ."

ಎಂಥ ಕಳ್ಳನೂ ಓದಿ ನಿರಾಶನಾಗಿ ಹೊರಟುಹೋಗಬೇಕು! ಆ ರಾತ್ರಿ ನನ್ನ ಬುದ್ಧಿವಂತಿಕೆಯನ್ನು ನೆನೆಯುತ್ತ ಸುಖವಾಗಿ ನಿದ್ದೆ ಮಾಡಿದೆ.

ನಮ್ಮ ಕರಾಟೆ ತರಗತಿಯ ಸಿನಿಮಾ ಶೂಟಿಂಗ್ ಮರುದಿನ ಭಾನುವಾರವೇ ಇತ್ತು. ಯಲಹಂಕದ ಒಂದು ತಾರಸಿಯ ಮೇಲೆ ಬೆಳಗಿನ ಹೊತ್ತು ನಡೆಯುವ ಮಹಿಳೆಯರ ತರಗತಿ ನಮ್ಮದು. ವಾರ್ಷಿಕೋತ್ಸವಕ್ಕೆ ಹತ್ತು ನಿಮಿಷದ ಹೊಡೆದಾಟದ ಸಿನಿಮಾ ತೆಗೆಯಬೇಕೆಂದು ಮಾಸ್ಟರ್ ಲೋಕೇಶ್ ತೀರ್ಮಾನಿಸಿದ್ದರು. ಕಥೆ ಸರಳ. ಅರಮನೆಯ ಒಡವೆ ಕಳುವಾಗುತ್ತದೆ. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು ಮಹಿಳಾ ಪೊಲೀಸರು ಜೊತೆಯಾಗಿ ಕಳ್ಳರನ್ನು ಬಡಿಯುತ್ತಾರೆ. ಬಾಯಿಬಡುಕಿ ಪೊಲೀಸಾಗಿ ನಮ್ಮ ಕೆಳಗಿನ ಮನೆಯ ಗೆಳತಿ ನಸ್ರೀನ್. ಮೌನಿ ಪೊಲೀಸಾಗಿ ನಾನು. ನನಗೆ ಒಂದೂ ಮಾತು ಕೊಡದಿದ್ದುದು ನನ್ನ ಗಾಂಭೀರ್ಯಕ್ಕೆ ಸಂದ ಗೌರವವೆಂದು ಭಾವಿಸಿದ್ದೆ. "ಡೈಲಾಗ್ ಕೊಟ್ರೆ ನೀವು ಕ್ಯಾಟಲಾಗ್ ಓದಿದ ಹಾಗೆ ಹೇಳ್ತೀರಾ ವಸುಧಾ" ಎಂದು ಮಾಸ್ಟರ್ ಆಮೇಲೆ ಸ್ಪಷ್ಟಪಡಿಸಿದರು.

ಒಡವೆಗಳ ಜವಾಬ್ದಾರಿ ಮಾತ್ರ ನನ್ನದೇ. ಯಲಹಂಕದ ಹಳೆ ಪೇಟೆಯಲ್ಲಿ ನಾಟಕದ ಉಡುಪು, ಕಿರೀಟ ಬಾಡಿಗೆಗೆ ಕೊಡುವ ಪುಟ್ಟಸ್ವಾಮಪ್ಪನವರ ಅಂಗಡಿಯಿಂದ ಹನ್ನೊಂದು ಹಾರಗಳನ್ನು ಎಣಿಸಿ, ಪಟ್ಟಿ ಬರೆದು, ಚೀಲದಲ್ಲಿ ತಂದಿದ್ದೆ.

ಬೆಳಿಗ್ಗೆ ನಸ್ರೀನ್ ಮೇಲೆ ಬಂದಾಗ ನಾನು ಸೊಂಟದ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೆ. ಎರಡು ವರ್ಷವಾದರೂ ಆ ಗಂಟು ನನಗೆ ಒಲಿದಿಲ್ಲ.

"ಇನ್ನೂ ಆಗ್ಲಿಲ್ವೇನೇ? ಚೀಲ ನಾನ್ ತಗೊಂಡು ಕೆಳಗಿರ್ತೀನಿ, ಬಾ ಬೇಗ" ಎಂದು ಅವಳು ಹೊರಟುಹೋದಳು.

ಚಿತ್ರೀಕರಣ ನಡೆದದ್ದು ಪುಟ್ಟೇನಹಳ್ಳಿ ಕೆರೆಯ ಪಕ್ಕದ ದಾರಿಯಲ್ಲಿ. ಕಳ್ಳನ ಪಾತ್ರದ ಬ್ಲ್ಯಾಕ್ ಬೆಲ್ಟ್ ಹುಡುಗಿ ಒಂದು ಹಾರವನ್ನು ಗಾಳಿಯಲ್ಲಿ ಎಸೆಯಬೇಕು, ನಾನು ಹಾರಿ, ಅದನ್ನು ಕಾಲಿನಿಂದ ತಡೆದು, ನಸ್ರೀನಳ ಕೈಗೆ ಒದೆಯಬೇಕು. ಮೊದಲ ಸಲ ನಾನು ಹಾರಿದೆ, ಕಾಲು ಹಾರಲಿಲ್ಲ. ಎರಡನೆಯ ಸಲ ಕಾಲು ಹಾರಿತು, ಉಳಿದ ನಾನು ಕೆಸರಿಗೆ ಬಿದ್ದೆ. ಮೂರನೆಯ ಸಲ ಹಾರಕ್ಕೆ ಸರಿಯಾಗಿ ಒದ್ದೆ. ಅದು ಜೊಂಡಿನ ನಡುವೆ ಹೋಗಿ ಬಿತ್ತು. ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಜವಾದ ಕಳ್ಳತನವೆಂದೇ ತಿಳಿದು ಛತ್ರಿಯಿಂದ ನಮ್ಮ ಕಳ್ಳಿಯ ಬೆನ್ನಿಗೆ ಎರಡು ಬಿಟ್ಟರು.

"ಸೂಪರ್ ಸಾರ್!" ಎಂದು ಮಾಸ್ಟರ್ ಕೂಗಿದರು. "ಫೋಕಸ್ ಸರಿ ಇರ್ಲಿಲ್ಲ. ಇನ್ನೊಂದ್ಸಲ ಹೊಡೀರಿ!"

ಚಿತ್ರೀಕರಣ ಮುಗಿದ ಮೇಲೆ, ಜೊಂಡಿನಿಂದ ಹೆಕ್ಕಿದ್ದೂ ಸೇರಿದಂತೆ ಹಾರಗಳನ್ನು ನಲ್ಲಿಯಲ್ಲಿ ತೊಳೆದು ಎಣಿಸಿದೆ. ಹನ್ನೆರಡು! ಮತ್ತೆ ಎಣಿಸಿದೆ. ಹನ್ನೆರಡೇ! ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ನನಗೆ ಬಂದದ್ದು ಕೋಪ. ಸೀದಾ ಅಂಗಡಿಗೆ ಹೋಗಿ ಪುಟ್ಟಸ್ವಾಮಪ್ಪನವರ ಮುಂದೆ ಚೀಲ ಇಟ್ಟೆ.

"ನಿಮ್ಮ ಲೆಕ್ಕ ತಪ್ಪು. ಕೊಟ್ಟಿದ್ದು ಹನ್ನೊಂದಲ್ಲ, ಹನ್ನೆರಡು. ಇನ್ಮೇಲೆ ಎಣಿಸಿ ಕೊಡಿ. ಎಲ್ಲರೂ ನನ್ನ ಹಾಗೆ ವಾಪಸ್ ತಂದುಕೊಡಲ್ಲ."

"ತಪ್ಪಾಯ್ತು ಮೇಡಮ್ಮೋರೇ" ಎಂದರು ಪಾಪ. ನಾನು ಉದಾರವಾಗಿ ಕ್ಷಮಿಸಿದೆ.

ಮನೆಗೆ ಬಂದು, ಬಟ್ಟೆ ಬದಲಿಸುವ ಮೊದಲೇ ಅಮ್ಮನ ಫೋನ್.

"ವಸು, ಆ ಅಡ್ಡಿಕೆ ದಾರ ಹಳೇದು. ಗಟ್ಟಿಯಾಗಿದ್ಯಾ ನೋಡೇ ಒಂದ್ಸಲ."

ಟಿವಿಯ ಪಕ್ಕದ ಡಬ್ಬ ಅಲ್ಲೇ ಇತ್ತು. ಚೀಟಿಯೂ ಇತ್ತು. ತೆರೆದೆ. ಒಳಗೆ ಗುಲಾಬಿ ಕಾಗದವಿತ್ತು. ಕಾಗದ ಮಾತ್ರ ಇತ್ತು.

"ನೋಡಿದ್ಯಾ?"

"ನೋಡ್ತಾ ಇದೀನಮ್ಮಾ" ಎಂದೆ. ಸುಳ್ಳೇನಲ್ಲ.

ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ನಸ್ರೀನ್ ಇನ್ನೂ ಕರಾಟೆ ಉಡುಪಿನಲ್ಲೇ ಬಟ್ಟೆ ಒಣಗಿಸುತ್ತಿದ್ದಳು.

"ಆ ಬಿಸ್ಕತ್ ಡಬ್ಬದಲ್ಲಿದ್ದಿದ್ದು ಎಲ್ಲೇ?"

"ನಾನೇ ಚೀಲಕ್ಕೆ ಹಾಕ್ದೆ. ನೀನು ಮರೆತು ಬಿಟ್ಟು ಬರ್ತಿದ್ಯಲ್ಲಾ ಅಂತ. ನಾಟಕದ ಒಡವೆ ಅಂತ ಇತ್ತಲ್ಲಾ?"

"ಅದು ಅಸಲಿ!"

"ಹಾಗಾದ್ರೆ ನಕಲಿ ಅಂತ ಯಾಕೆ ಬರ್ದೆ?"

"ಕಳ್ಳರಿಗೆ!"

ನಸ್ರೀನ್ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. "ಯಾ ಅಲ್ಲಾ! ಕಳ್ರಿಗೆ ಓದೋಕೆ ಬರತ್ತೆ, ನಂಗ್ ಬರಲ್ಲ ಅಂದ್ಕೊಂಡ್ಯಾ?" ಎಂದವಳು ಒದ್ದೆ ಬಟ್ಟೆಗಳ ಬಕೆಟನ್ನು ಅಲ್ಲೇ ಬಿಟ್ಟು ಸ್ಕೂಟರ್ ಕೀಲಿ ಹಿಡಿದಳು. ಅವಳು ನನ್ನನ್ನು ಬಯ್ಯಬಹುದಿತ್ತು. ಬಯ್ದಳು ಕೂಡ. ಆದರೆ ಸ್ಕೂಟರ್ ಓಡಿಸುತ್ತಲೇ ಬಯ್ದಳು. ಆ ಉಪಕಾರವನ್ನು ನಾನು ಮರೆಯಲಾರೆ.

ಅವಳ ಹಿಂದೆ ಕೂತಾಗ ಒಂದು ವಿಷಯ ಹೊಳೆಯಿತು. ಜೊಂಡಿಗೆ ಹೋಗಿ ಬಿದ್ದ ಆ ಹಾರದ ಪದಕದಲ್ಲಿ ಒಂದು ಕಲ್ಲು ಉದುರಿ ಗುಳಿ ಬಿದ್ದಿತ್ತು. ಅಜ್ಜಿಯ ಫೋಟೋದಲ್ಲೂ ಅದೇ ಗುಳಿ ಇದೆ. ಮೂರು ತಲೆಮಾರಿನ ಅಡ್ಡಿಕೆಯನ್ನು ನಾನು ಕಾಲಿನಿಂದ ಒದ್ದಿದ್ದೆ! ಅದನ್ನು ಮಾಸ್ಟರ್ ನಿಧಾನಗತಿಯಲ್ಲಿ ಚಿತ್ರೀಕರಿಸಿದ್ದರು!

ಅಂಗಡಿಯಲ್ಲಿ ಪುಟ್ಟಸ್ವಾಮಪ್ಪನವರು ಪಟ್ಟಿ ನೋಡಿದರು. "ಆ ಹನ್ನೆರಡನೇದಾ? ಈಗ್ತಾನೇ ಸಿಂಗಾಪುರದ ಬೈರೇಗೌಡ್ರಿಗೆ ಕೊಟ್ಟು ಕಳ್ಸಿದೆ. ಊರಿನ ನಾಟಕದಾಗೆ ಚಕ್ರವರ್ತಿ ಪಾರ್ಟು ಅವರ್ದು. ಫ್ಲೆಕ್ಸಿಗೆ ಫೋಟೋ ತೆಗಿಸ್ತಾವ್ರೆ. ಒಳ್ಳೆ ಭಾರ ಐತೆ, ರಾಜಂಗೆ ಒಪ್ಪತ್ತೆ ಅಂತ ಅದ್ನೇ ಕೊಟ್ಟೆ."

ಯಲಹಂಕದ ಪಕ್ಕದ ನಮ್ಮ ಸಿಂಗಾಪುರಕ್ಕೆ ಸ್ಕೂಟರಿನಲ್ಲೇ ಹಾರಿದೆವು. ಗೌಡರ ನಾಲ್ಕು ಅಂತಸ್ತಿನ ಮನೆಯ ತಾರಸಿಯಲ್ಲಿ ಚಕ್ರವರ್ತಿಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ವಿರಾಜಮಾನರಾಗಿದ್ದರು. ತಲೆಗೆ ಕಿರೀಟ, ಹೆಗಲಿಗೆ ಗದೆ, ಕೊರಳಿಗೆ ನಮ್ಮಜ್ಜಿ! ಕೆಸರು ಮೆತ್ತಿದ ಕರಾಟೆ ಉಡುಪಿನಲ್ಲಿ ಇಬ್ಬರು ಹೆಂಗಸರು ಓಡಿ ಬಂದದ್ದು ನೋಡಿ ಅವರು ಗದೆ ಎತ್ತಿದರು.

"ಯಾರಮ್ಮಾ ನೀವು? ಇಂಗೆ ನುಗ್ತಾ ಇದೀರಲ್ಲಾ?"

ನಸ್ರೀನ್ ಏದುಸಿರಿನಿಂದ ಬಾಯಿ ತೆರೆದಳು, ಮಾತು ಬರಲಿಲ್ಲ. ಬಾಯಿಬಡುಕಿ ಪೊಲೀಸು ಸುಸ್ತಾಗಿದ್ದಳು. ಮೌನಿ ಪೊಲೀಸೇ ಮಾತಾಡಬೇಕಾಯಿತು.

"ಅದು ಅಸಲಿ! ನಮ್ಮಜ್ಜೀದು! ನಾನೇ ನಕಲಿ ಅಂತ ಬರೆದಿದ್ದೆ! ಕಾಲಲ್ಲಿ ಒದ್ದುಬಿಟ್ಟೆ! ಬುಧವಾರ ಅಕ್ಕನ ಸೀಮಂತ!" ಎಂದೆಲ್ಲ ಒಂದೇ ಉಸಿರಿಗೆ ಹೇಳಿ, ಪರರ ತಾರಸಿಯ ಮೇಲೆ ನಿಂತು ಗೊಳೋ ಎಂದು ಅತ್ತೆ. ಮನೆಯವರ ಮುಂದೂ ನಾನು ಅತ್ತವಳಲ್ಲ.

ಗೌಡರ ಹೆಂಡತಿ ಜಯಮ್ಮನವರು ಮುಂದೆ ಬಂದರು. "ನಾನ್ ಆಗ್ಲೇ ಅಂದೆ, ಇದು ಚಿನ್ನ ಇದ್ದಂಗೈತೆ ಕಣ್ರೀ ಅಂತ. ಕೇಳಿದ್ರಾ? ಬಗ್ಗಿ!" ಚಕ್ರವರ್ತಿಗಳು ತಕ್ಷಣ ಬಗ್ಗಿದರು. ಯಾವ ದಾಖಲೆಯನ್ನೂ ಕೇಳದೆ ಆ ತಾಯಿ ಅಡ್ಡಿಕೆ ಬಿಚ್ಚಿದರು. ದಾರ ಎರಡು ಕಡೆ ಹಿಂಜಿದ್ದುದನ್ನು ಕಂಡು ಅಲ್ಲೇ ಕೂತು, ಮುತ್ತುಗಳನ್ನು ಮಡಿಲಿಗೆ ಸುರಿದುಕೊಂಡು, ಹೊಸ ರೇಷ್ಮೆ ದಾರದಲ್ಲಿ ಪೋಣಿಸಿದರು. ನಮಗೆ ಕಾಫಿ ಕೊಟ್ಟು, ಇಬ್ಬರಿಗೂ ಎಲೆ ಅಡಿಕೆ ಕೊಟ್ಟರು.

"ಒದ್ದಿದ್ದಕ್ಕೆ ಕಣ್ಣಿಗೊತ್ಕೋ, ಹೋಗು. ಅಜ್ಜಿ ಬೇಜಾರ್ ಮಾಡ್ಕಳಲ್ಲ" ಎಂದರು. ಒತ್ತಿಕೊಂಡೆ. ನಸ್ರೀನ್ ಕೂಡ ಒತ್ತಿಕೊಂಡಳು. ಪಾಪ, ಅವಳು ಒದ್ದಿರಲೇ ಇಲ್ಲ.

ಬುಧವಾರ ಅಕ್ಕ ಹಸಿರು ಸೀರೆಯುಟ್ಟು, ಅಡ್ಡಿಕೆ ತೊಟ್ಟು ಕೂತಳು. ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವಾಗ ನಾನು ಮನಸ್ಸಿನಲ್ಲೇ ಒಂದು ಸ್ಕೂಟರಿಗೆ, ಒಂದು ಮಡಿಲಿಗೆ ಕೈಮುಗಿದೆ. "ದಾರ ಕೂಡ ಬದಲಿಸಿದೀಯಾ! ನಿನ್ನಷ್ಟು ಜವಾಬ್ದಾರಿ ಯಾರಿಗೂ ಇಲ್ಲ ಕಣೇ" ಎಂದು ಅಮ್ಮ ನೆಂಟರ ಮುಂದೆ ಹೊಗಳಿದಳು. ನಾನು ನಮ್ರತೆಯಿಂದ ತಲೆ ತಗ್ಗಿಸಿದೆ. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ತುಮಕೂರಿನಿಂದ ವಾಪಸಾಗುವಾಗ ಮಾವನ ಕಾರು ಸಿಂಗಾಪುರದ ಮೂಲಕ ಬಂತು. ಸಿಗ್ನಲ್‌ನಲ್ಲಿ ನಿಂತಾಗ ಅಮ್ಮ ಕಿಟಕಿಯಿಂದ ಮೇಲೆ ನೋಡಿದಳು. ಮನೆಯೆತ್ತರದ ಫ್ಲೆಕ್ಸಿನಲ್ಲಿ ಚಕ್ರವರ್ತಿಗಳು ಮೀಸೆ ತಿರುವುತ್ತಿದ್ದರು. ಕೊರಳಲ್ಲಿ ಅಡ್ಡಿಕೆ. ಪದಕದಲ್ಲಿ ಅದೇ ಗುಳಿ, ಈಗ ತಟ್ಟೆಯಷ್ಟು ದೊಡ್ಡದು.

"ವಸು."

"ಅಮ್ಮಾ."

"ಆ ರಾಜನ್ಗೂ ಸೀಮಂತ ಏನೇ?"

ಎಲ್ಲವನ್ನೂ ಹೇಳಿದೆ. ಮಾವ ನಕ್ಕು ನಕ್ಕು, ಸಿಗ್ನಲ್ ಹಸಿರಾದದ್ದು ಅವರಿಗೆ ಕಾಣಲೇ ಇಲ್ಲ. ಅಮ್ಮ ನಗಲಿಲ್ಲ, ಬಯ್ಯಲೂ ಇಲ್ಲ. ಅಡ್ಡಿಕೆಯನ್ನು ಲಾಕರಿನಲ್ಲಿಟ್ಟು ಬಂದವಳು ಮನೆಯ ಮೆಟ್ಟಿಲು ಹತ್ತುವ ಮೊದಲೇ ಕೆಳಗಿನ ಮನೆಯ ಬಾಗಿಲು ತಟ್ಟಿದಳು.

ಲಾಕರಿನ ಕೀಲಿ ಈಗ ನಸ್ರೀನಳ ಮನೆಯಲ್ಲಿದೆ. ಎಲ್ಲಿಟ್ಟಿದ್ದಾಳೋ ನನಗೆ ಗೊತ್ತಿಲ್ಲ. ಅದಕ್ಕೊಂದು ಚೀಟಿ ಬರೆದುಕೊಡಲೇ ಎಂದು ಕೇಳಿದೆ. ಬಾಗಿಲು ಹಾಕಿಕೊಂಡಳು.