ದರದ ಜಾಗ ಖಾಲಿ ಬಿಟ್ಟ ಪುಟ

ವೆಬ್‌ಸೈಟ್ ಮಾಡುವವರಿಗೆ ಬುದ್ಧಿ ಬರುವಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದಿರುತ್ತಾನೆ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಚಿತ್ತವಾಡ್ಗಿಯ ನಮ್ಮ ಆಫೀಸಿನಲ್ಲಿ ಇಬ್ಬರೇ. ನಾನು ಕೋಡ್ ಬರೆಯುತ್ತೇನೆ, ಗೆಳೆಯ ಡಿಸೈನ್ ಮಾಡುತ್ತಾನೆ. ಎರಡೂ ಒಂದೇ ಫೈಲಿನಲ್ಲಿದ್ದುದರಿಂದ ಅವನು ಬಣ್ಣ ಬದಲಿಸಿದರೆ ನನ್ನ ಕೋಡ್ ಮುರಿಯುತ್ತಿತ್ತು. ಕಂಪ್ಲಿಯ ರೈಸ್ ಮಿಲ್ ಸಾಹುಕಾರರ ಅಕ್ಕಿ ದರದ ಪುಟ ಹೀಗೇ ಎರಡು ಸಲ ಕೆಟ್ಟಿತು.

"ಇನ್ನೊಮ್ಮೆ ಕೆಡ್ಲಿ, ಕೆಲಸ ನಮ್ಮ ಅಳಿಯಗ ಕೊಡ್ತೀನಿ ನೋಡ್ರಿ" ಎಂದರು. ನಮಗಿದ್ದ ದೊಡ್ಡ ಗಿರಾಕಿ ಅವರೊಬ್ಬರೇ.

ಡಿಸೈನನ್ನೂ ಕೋಡನ್ನೂ ಬೇರೆ ಮಾಡುವ ಟೆಂಪ್ಲೇಟ್ ಎಂಜಿನ್ಅನ್ನು ನಾನು ಬಳಕೆಗೆ ತಂದೆ. ಪುಟದ ರೂಪ, ಅಂದರೆ ಟೆಂಪ್ಲೇಟ್, ಒಂದು ಫೈಲಿನಲ್ಲಿ. ದರ ಬರಬೇಕಾದ ಕಡೆ ಬ್ರಾಕೆಟ್ಟುಗಳ ನಡುವೆ 'ದರ' ಎಂಬ ಹೆಸರು. ಕೋಡ್ ಬೇರೆ ಫೈಲಿನಲ್ಲಿದ್ದು ಆ ಜಾಗಕ್ಕೆ ಅಂದಿನ ದರ ತುಂಬುತ್ತದೆ. ಇನ್ನು ಕೆಡುವ ಮಾತಿಲ್ಲ ಎಂದು ನನಗೆ ಖಾತ್ರಿಯಿತ್ತು.

೧. ಬ್ರಾಕೆಟ್ಟು

ಮರುದಿನ, ಸಾಹುಕಾರರಿಗೆ ತೋರಿಸುವ ಮುನ್ನ ನೋಡಿದರೆ ಎಲ್ಲ ಅಕ್ಕಿಯ ಮುಂದೆಯೂ 'ದರ' ಎಂದಷ್ಟೇ ಇತ್ತು. ಗೆಳೆಯ ಬ್ರಾಕೆಟ್ಟು ಅಳಿಸಿದ್ದ.

"ಯಾಕಲೇ?"

"ಸೊಟ್ಟಗಿದ್ವು. ಚಂದ ಕಾಣ್ತಿರಲಿಲ್ಲ."

"ಅವು ಗಿರಾಕಿಗೆ ಕಾಣಂಗಿಲ್ಲಲೇ!"

"ನನಗ ಕಾಣ್ತಾವಲ್ಲ."

೨. ಶ್ರೀ

ಸಾಹುಕಾರರು ಪರೀಕ್ಷೆಗೆ ಬಂದರು. ಪುಟ ಬಿಟ್ಟು ಕೋಡ್ ಫೈಲನ್ನೇ ದಿಟ್ಟಿಸಿದರು. "ಮ್ಯಾಲೆ ಶ್ರೀ ಇಲ್ಲಲ್ರೀ? ಶ್ರೀ ಬರೀದ ನಾವು ಏನೂ ಶುರು ಮಾಡಂಗಿಲ್ಲ."

ಗೆಳೆಯ ಭಾಳ ವಿನಯವಂತ. ಮೊದಲ ಸಾಲಿನಲ್ಲೇ ಬರೆದುಬಿಟ್ಟ. ಪುಟ ಮಾಯವಾಗಿ ಪರದೆಯ ಮೇಲೆ 'ಮೊದಲ ಸಾಲಿನಲ್ಲಿ ದೋಷ' ಎಂದು ಬಂತು. ಸಾಹುಕಾರರ ಕಣ್ಣೆದುರೇ ಕೆಟ್ಟಿತಲ್ಲ! ತಕ್ಷಣ ಶ್ರೀಯನ್ನು ಟಿಪ್ಪಣಿಯ ಸಾಲಿಗೆ ಸರಿಸಿದೆ, ಪುಟ ಮರಳಿತು.

"ಇಲ್ಲಿ ಬರೆದಿದ್ದನ್ನ ಕಂಪ್ಯೂಟರ್ ಓದಂಗಿಲ್ರೀ" ಎಂದೆ, ಪ್ರಾಮಾಣಿಕವಾಗಿ.

"ಅದು ಓದಾದು ಬ್ಯಾಡ್ರಿ. ದೇವರು ಓದ್ತಾನ."

೩. ಖಾಲಿ ಜಾಗ

ಡಿಸೈನಿಗೆ ಅಂತಿಮ ಒಪ್ಪಿಗೆ ಬೇಕಿತ್ತು. ಗೆಳೆಯ ಬರೀ ಟೆಂಪ್ಲೇಟನ್ನು, ದರದ ಜಾಗ ಖಾಲಿ ಬಿಟ್ಟು, ಪ್ರಿಂಟ್ ತೆಗೆದು ಕಂಪ್ಲಿಗೆ ಒಯ್ದು ಕೊಟ್ಟ. ಎಂಟು ದಿನವಾದರೂ ಫೋನಿಲ್ಲ. ಕೆಲಸ ಅಳಿಯನ ಪಾಲಾಯಿತೆಂದು ನಾನೇ ಬಸ್ ಹತ್ತಿದೆ.

ಮಿಲ್ಲಿನ ಬಾಗಿಲಿಗೆ ನಮ್ಮ ಪುಟದ ಜೆರಾಕ್ಸ್ ಅಂಟಿಸಿದ್ದರು. ಖಾಲಿ ಜಾಗದಲ್ಲಿ ಅಂದಿನ ದರ, ಗುಮಾಸ್ತರ ದುಂಡಗಿನ ಕೈಬರಹ.

"ಬರ್ರಿ, ಕುಂದ್ರಿ. ಮಸ್ತ್ ಮಾಡೀರಿ! ಎಂಟು ದಿನಾತು, ಒಮ್ಮೆನೂ ಕೆಟ್ಟಿಲ್ಲ" ಎಂದರು ಸಾಹುಕಾರರು.

"ಮತ್ತ ವೆಬ್‌ಸೈಟು?"

"ಅದು ಇರ್ಲಿ ಬಿಡ್ರಿ. ಇದು ಕರೆಂಟ್ ಹೋದ್ರೂ ನಡೀತೈತಿ. ಅಳಿಯಗೂ ತಪ್ಪು ಹುಡುಕಾಕ ಆಗ್ಲಿಲ್ಲ. ವರ್ಷಕ್ಕಾಗುವಷ್ಟು ಕಾಪಿ ಜಲ್ದಿ ಕಳಸ್ರಿ."

ಕೋಡನ್ನು ಡಿಸೈನಿನಿಂದ ಇಷ್ಟು ಪೂರ್ತಿ ಬೇರ್ಪಡಿಸಿದವರು ಜಿಲ್ಲೆಯಲ್ಲಿ ನಾವೇ ಮೊದಲಿರಬೇಕು.